ಎಂಜಿನಿಯರ್‌ಗೆ ಮೆದುಳಿನಲ್ಲಿ ಏನು ಕೆಲಸ?

ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ, ಸಂಶೋಧನೆ ಮಾಡುವುದು ಮೆದುಳಿನ ಸ್ಕ್ಯಾನಿಂಗ್ ಬಗ್ಗೆ ಎಂದ ಕೂಡಲೇ ಬರುವ ಪ್ರಶ್ನೆ ಇದು: 'ನೀವು ಡಾಕ್ಟರಲ್ಲವಲ್ಲ, ಮೆದುಳಿನಲ್ಲಿ ನಿಮಗೇನು ಕೆಲಸ?' ಬಂಧುಗಳು ಕೇಳುತ್ತಾರೆ, ವಿದ್ಯಾರ್ಥಿಗಳ ತಂದೆತಾಯಿ ಕೇಳುತ್ತಾರೆ, ಒಮ್ಮೊಮ್ಮೆ ವೈದ್ಯರೂ ಕೇಳುತ್ತಾರೆ.

ಎಂಆರ್‌ಐ ಯಂತ್ರ ಫೋಟೊ ತೆಗೆಯುವುದಿಲ್ಲ. 3 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಕಾಂತಕ್ಷೇತ್ರದಲ್ಲಿ ತಲೆಯಿಟ್ಟಾಗ ಅದರೊಳಗಿನ ನೀರಿನ ಹೈಡ್ರೋಜನ್ ಪರಮಾಣುಗಳ ಬೀಜಗಳು (ನ್ಯೂಕ್ಲಿಯಸ್‌ಗಳು) ಸೆಕೆಂಡಿಗೆ ಸುಮಾರು 12.8 ಕೋಟಿ ಬಾರಿ ಬುಗುರಿಯಂತೆ ಓಲಾಡುತ್ತವೆ. ರೇಡಿಯೊ ತರಂಗದಿಂದ ಅವನ್ನು ಕೆಣಕಿದರೆ ತಲೆಯ ಸುತ್ತಲಿನ ಸುರುಳಿಗಳಲ್ಲಿ ತೀರಾ ಕ್ಷೀಣವಾದ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅಳತೆಗೆ ಸಿಗುವುದು ಅಷ್ಟೇ. ಯಾವ ಸಂಕೇತ ಎಲ್ಲಿಂದ ಬಂತೆಂದು ಲೆಕ್ಕ ಹಾಕಿ ಚಿತ್ರ ಕಟ್ಟುವುದು ಗಣಿತ. ಈ ದಾರಿ ತೆರೆದವರಲ್ಲಿ ಪಾಲ್ ಲಾಟರ್‌ಬರ್ ರಸಾಯನವಿಜ್ಞಾನಿ, ಪೀಟರ್ ಮ್ಯಾನ್ಸ್‌ಫೀಲ್ಡ್ ಭೌತವಿಜ್ಞಾನಿ. 2003ರಲ್ಲಿ ಅವರಿಗೆ ಸಂದದ್ದು ವೈದ್ಯಕೀಯದ ನೊಬೆಲ್.

ನಾನು ವೃತ್ತಿಜೀವನದ ಬಹುಪಾಲನ್ನು ಕಳೆದದ್ದು ಮೆದುಳಿನ ಯಾವ ಭಾಗ ಯಾವಾಗ ಚುರುಕಾಗುತ್ತದೆಂದು ತೋರಿಸುವ ಫಂಕ್ಷನಲ್ ಎಂಆರ್‌ಐ ಜೊತೆಗೆ. ಮೆದುಳಿನ ಒಂದು ಭಾಗ ಚುರುಕಾದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಅಗತ್ಯಕ್ಕಿಂತ ಹೆಚ್ಚೇ ಹರಿದುಬರುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ. ಅದರ ಪ್ರಮಾಣ ತಗ್ಗಿದಾಗ ಸಂಕೇತ ತುಸು ಏರುತ್ತದೆ. ಹಿಮೋಗ್ಲೋಬಿನ್‌ನ ಈ ಗುಣ ಎಂಆರ್‌ಐ ಚಿತ್ರದಲ್ಲಿ ಕಾಣುತ್ತದೆಂದು 1990ರಲ್ಲಿ ತೋರಿಸಿದ ಸೇಜಿ ಒಗಾವಾ ಆಗ ಇದ್ದದ್ದು ಟೆಲಿಫೋನ್ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ. ಇದನ್ನು ಹೇಳುವಾಗ ನನಗೆ ಇಂದಿಗೂ ಹೆಮ್ಮೆ.

ಆ ಏರಿಕೆ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ, ಅದೂ ಐದಾರು ಸೆಕೆಂಡು ತಡವಾಗಿ. ಉಸಿರಾಟ, ನಾಡಿಬಡಿತ, ಉಗುಳು ನುಂಗುವುದು ಎಲ್ಲವೂ ಅದೇ ಸಂಕೇತದಲ್ಲಿ ಬೆರೆತಿರುತ್ತವೆ. ಹಾಗಾಗಿ ಸ್ಕ್ಯಾನ್ ಮುಗಿದ ಮೇಲೆ ನಾನು ಮೊದಲು ತೆರೆಯುವುದು ಚುರುಕಾದ ಭಾಗಗಳಿಗೆ ಬಣ್ಣ ಹಚ್ಚಿದ ಚಿತ್ರವನ್ನಲ್ಲ, ಆರು ಗೆರೆಗಳ ಒಂದು ನಕ್ಷೆಯನ್ನು. ತಲೆ ಮೂರು ದಿಕ್ಕುಗಳಲ್ಲಿ ಎಷ್ಟು ಸರಿಯಿತು ಎಂಬುದಕ್ಕೆ ಮೂರು ಗೆರೆ, ಎಷ್ಟು ತಿರುಗಿತು ಎಂಬುದಕ್ಕೆ ಮೂರು. ನೆಟ್ಟಗೆ ಸಾಗುತ್ತಿದ್ದ ಗೆರೆಗಳು ಒಂದೆಡೆ ಒಟ್ಟಿಗೆ ಜಿಗಿದಿರುತ್ತವೆ: ಒಳಗೆ ಮಲಗಿದ್ದವರಿಗೆ ಕೆಮ್ಮು ಬಂದಿರಬೇಕು. ಅರ್ಧ ಮಿಲಿಮೀಟರ್ ಅಲುಗಿದರೂ ಸಾಕು, ಇಲ್ಲದ ಚಟುವಟಿಕೆ ಇದ್ದಂತೆ ಕಾಣಬಹುದು. ಮಕ್ಕಳು ದೊಡ್ಡವರಿಗಿಂತ ಹೆಚ್ಚು ಅಲುಗುತ್ತಾರೆ. ಮಕ್ಕಳ ಮತ್ತು ದೊಡ್ಡವರ ಮೆದುಳಿನ ಜಾಲಗಳ ನಡುವೆ ಕಂಡಿದ್ದ ವ್ಯತ್ಯಾಸಗಳಲ್ಲಿ ಒಂದಷ್ಟು ಬರೀ ಈ ಅಲುಗಾಟದ ಫಲ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದಾಗ ನಮ್ಮ ಕ್ಷೇತ್ರವೇ ಬೆಚ್ಚಿತು.

ಅದಕ್ಕೂ ಮೊದಲು, 2009ರಲ್ಲಿ, ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು ಮನುಷ್ಯರ ಚಿತ್ರಗಳನ್ನು ತೋರಿಸಿದ್ದರು. ಅದರ ಮೆದುಳಿನಲ್ಲೂ 'ಚಟುವಟಿಕೆ' ಕಂಡಿತು! ಸಾವಿರಾರು ಬಿಂದುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಕೆಲವು ಆಕಸ್ಮಿಕವಾಗಿಯೇ ಬಣ್ಣ ತಳೆಯುತ್ತವೆ. ಅದಕ್ಕೆ ತಕ್ಕ ಸಂಖ್ಯಾಶಾಸ್ತ್ರೀಯ ತಿದ್ದುಪಡಿ ಮಾಡಿದಾಗ ಬಣ್ಣವೆಲ್ಲ ಮಾಯವಾಯಿತು. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲ ವಾರವೇ ಇದನ್ನು ವಿವರಿಸುತ್ತೇನೆ.

ನನ್ನ ಕೆಲಸ ಇದೇ: ಬಣ್ಣ ಬಂದಲ್ಲೆಲ್ಲ ಅದು ಮೆದುಳಿನಿಂದ ಬಂತೋ, ಯಂತ್ರದಿಂದಲೋ, ಕೆಮ್ಮಿನಿಂದಲೋ ಎಂದು ಬೇರ್ಪಡಿಸುವುದು. ಮೆದುಳಿನ ಗಡ್ಡೆ ತೆಗೆಯುವ ಮುನ್ನ ಮಾತಿನ ಕೇಂದ್ರ ಎಲ್ಲಿದೆಯೆಂದು ತಿಳಿಯಲು ಶಸ್ತ್ರವೈದ್ಯರು ಇಂಥ ಚಿತ್ರಗಳನ್ನೂ ನೋಡುತ್ತಾರೆ. ಅಲ್ಲಿ ಗುರುತು ಒಂದು ಸೆಂಟಿಮೀಟರ್ ತಪ್ಪಿದರೆ ರೋಗಿ ಮಾತು ಕಳೆದುಕೊಳ್ಳಬಹುದು. ಚಿಕಿತ್ಸೆ ವೈದ್ಯರದೇ, ಚಿತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದಕ್ಕೆ ನಾವು ಉತ್ತರ ಕೊಡಬೇಕು.

ಮಗಳನ್ನು ಈ ಕ್ಷೇತ್ರಕ್ಕೆ ಕಳಿಸಬಹುದೇ ಎಂದು ಕೇಳುವ ತಂದೆತಾಯಿಗೆ ಧೈರ್ಯವಾಗಿ ಹೌದು ಎನ್ನುತ್ತೇನೆ. ಸಂಕೇತದಿಂದ ಚಿತ್ರ ಕಟ್ಟುವ ಗಣಿತವಾದ ಫೂರಿಯರ್ ರೂಪಾಂತರ ಮತ್ತು ಸಂಖ್ಯಾಶಾಸ್ತ್ರ ಗಟ್ಟಿಯಾಗಿರಲಿ. ಮೆದುಳಿನ ರಚನೆಯನ್ನು ಇಲ್ಲಿಗೆ ಬಂದ ಮೇಲೆ ಕಲಿಯಬಹುದು.