ಟ್ರಂಕಿನ್ಯಾಗಿನ ಸ್ವೆಟರ್

ಹೋದ ವರ್ಷ ಗಣಪತಿ ಕುಂದ್ರಸೋ ದಿನ ಸಿಗರೇಟ್ ಬಿಟ್ಟೆ. ಹರಕಿ ಗಿರಕಿ ಏನಿಲ್ಲ, ಹಿಂದಿನ ರಾತ್ರಿ ಕೆಮ್ಮಿ ಕೆಮ್ಮಿ ನಿದ್ದೀನ ಇರಲಿಲ್ಲ, ಮುಂಜಾನೆ ಎದ್ದು ಪ್ಯಾಕಿನ ಮ್ಯಾಲೆ ಸಿಗರೇಟ್ ಬಿಡಾಕ ಸಹಾಯ ಮಾಡೋ ನಂಬರ್ ಇರ್ತೈತಲ್ಲ 1800-11-2356, ಅದಕ್ಕ ಫೋನ್ ಹಚ್ಚಿದೆ, ಅಷ್ಟ. 22 ವರ್ಷ ದಿನಕ್ಕ ಹತ್ತು ಸೇದಿದಾಂವ ನಾ.

ಮೂರನೇ ದಿನ ಭಾಳ ತ್ರಾಸ ಆತು. ಚಾದಾಗ ಸಕ್ಕರಿ ಇಲ್ಲ ಅಂತ ಮನಿಯಾಕಿ ಮ್ಯಾಲೆ ಹರಿಹಾಯ್ದೆ, ಸಕ್ಕರಿ ಬ್ಯಾಡ ಅಂದಾಂವ ನಾನ ಇದ್ದೆ. ಚಟ ಎದ್ದಾಗೊಮ್ಮೆ ಬಾಯಾಗ ಬಡೇಸೋಪು ಹಾಕ್ಕೊಂಡು ಐದು ಹತ್ತು ನಿಮಿಷ ತಡಕೊಂಡ್ರ ಹೋಗಿಬಿಡ್ತಿತ್ತು. ಕೆಮ್ಮು ಮಾತ್ರ ಕಮ್ಮಿ ಆಗೋದು ಬಿಟ್ಟು ಜಾಸ್ತಿ ಆತು, ಡಾಕ್ಟರಿಗೆ ಕೇಳಿದ್ರ, ಶ್ವಾಸನಾಳದಾಗ ಸಣ್ಣ ಸಣ್ಣ ಕೂದಲಿನಂಥಾವು ಇರ್ತಾವು, ಹೊಗಿ ಕುಡಿದು ಬಿದ್ಕೊಂಡಿದ್ವು, ಈಗ ಎದ್ದು ಕಸಾ ಹೊಡಿಯಾಕತ್ತಾವು, ಹೊಡೀಲಿ ಬಿಡ್ರಿ ಅಂದ್ರು.

12 ತಾಸಿನ್ಯಾಗ ರಕ್ತದಾಗಿನ ಕಾರ್ಬನ್ ಮೊನಾಕ್ಸೈಡ್ ಇಳೀತೈತಿ, ವರ್ಷದಾಗ ಸಿಗರೇಟಿನಿಂದ ಹಾರ್ಟಿಗೆ ಇರೋ ಅಪಾಯ ಅರ್ಧ ಆಗ್ತೈತಿ ಅಂತಾರ. ಖರೇನ. ಆದ್ರ ಅವು ಯಾವೂ ಕಣ್ಣಿಗೆ ಕಾಣಂಗಿಲ್ಲ ನೋಡ್ರಿ. ನನಗ ಗೊತ್ತಾಗಿದ್ದೆಲ್ಲಾ ಮೂಗಿನಿಂದ. ಮೊದಲ ಹತ್ತಿದ್ದು ಪೇಢಾದ ವಾಸನಿ ಅಂತ ಹೇಳಿದ್ರ ಚಂದ ಇರ್ತಿತ್ತು, ಧಾರವಾಡದ ಲೈನ್ ಬಜಾರದಾಗ ಖೋವಾ ಕೆಂಪಗ ಹುರಿಯೋ ಘಮ ಆಮ್ಯಾಲೆ ಬಂತು ಬಿಡ್ರಿ, ಮೊದಲ ಬಂದದ್ದು ಹುಬ್ಬಳ್ಳಿಯ ಉಣಕಲ್ ನಾಲಾದ ನಾತ. ಜನ ಅಲ್ಲಿ ಯಾಕ ಮೂಗು ಮುಚ್ಕೊಂಡು ಗಾಡಿ ಹೊಡೀತಾರ ಅಂತ ಅವತ್ತ ತಿಳೀತು.

ಮೊನ್ನೆ ರವಿವಾರ ಥಂಡಿ ಜೋರಿತ್ತು. ಮನಿಯಾಕಿ ಟ್ರಂಕು ತಗದು ನನ್ನ ಹಳೇ ಬೂದಿ ಬಣ್ಣದ ಸ್ವೆಟರ್ ಕೊಟ್ಲು, ಎರಡು ವರ್ಷದಿಂದ ತಳಕ್ಕ ಬಿದ್ದಿದ್ದು, ಉಣ್ಣಿ ಹಾಳಾಗ್ತೈತಿ ಅಂತ ತೊಳದಿರಲೂ ಇಲ್ಲ. ತಲಿಮ್ಯಾಲಿಂದ ಹಾಕ್ಕೊಳ್ಳಾಕ ಹೋದೆ, ಕೈ ಎರಡೂ ತೋಳಿನ್ಯಾಗ, ಮುಖ ಇನ್ನೂ ಒಳಗ, ಅಲ್ಲೇ ಉಸಿರು ಕಟ್ಟಿದಂಗಾತು. ಹಸಿ ಗೋಣಿಚೀಲದಾಗ ಬೂದಿ ತುಂಬಿಟ್ಟಂಗ. ಒಳಗಿಂದನ ಒದರಿದೆ, ಇದನ್ನ ಯಾರಿಗೆ ಕೊಟ್ಟಿದ್ದಿ, ಸಿಗರೇಟ್ ಸೇದೋರ ಹಾಕ್ಕೊಂಡಾರ ಇದನ್ನ!

"ಯಾರಿಗೂ ಕೊಟ್ಟಿಲ್ಲ ಪಪ್ಪಾ, ಅದು ನಿನ್ನ ವಾಸನಿ" ಅಂದ್ಲು ಮಗಳು. ಚಾಷ್ಟಿ ಮಾಡಲಿಲ್ಲ, ನೀರು ಬಂತು ನೋಡು ಅಂದಂಗ ಅಂದ್ಲು.

ಆಕಿ ಸಣ್ಣಾಕಿ ಇದ್ದಾಗ ಸ್ಕೂಟರ್ ಮ್ಯಾಲೆ ಯಾವತ್ತೂ ಮುಂದನ ನಿಂದ್ರತಿದ್ಲು, ಹಿಂದ ಕುಂದ್ರು ಅಂದ್ರ ಅತ್ತು ರಂಪ ಮಾಡ್ತಿದ್ಲು, ಗಾಳಿ ಅಂದ್ರ ಆಸೆ ಈ ಹುಡುಗಿಗೆ ಅಂತ ಮಂದಿ ಮುಂದ ಹೇಳ್ಕೊಂಡು ನಕ್ಕೀನಿ ನಾ. ಸ್ವೆಟರ್ ಕೈಯಾಗ ಹಿಡ್ಕೊಂಡು ಕೇಳಿದೆ, ಅದಕ್ಕೇನವ್ವಾ ನೀ ಮುಂದ ನಿಂದ್ರತಿದ್ದಿ ಅಂತ.

"ಹಿಂದ ಕುಂತ್ರ ಮೂಗು ನಿನ್ನ ಬೆನ್ನಿಗೆ ಹತ್ತತಿತ್ತಲ್ಲ" ಅಂದು ಬುಕ್ ತಗೊಂಡು ಒಳಗ ಹೋದ್ಲು.

ಸ್ವೆಟರ್ ನಾನ ತೊಳದೆ, ಎರಡು ದಿನ ಮಾಳಿಗಿ ಮ್ಯಾಲೆ ಬಿಸಲಿಗೆ ಹಾಕಿದೆ. ನನ್ನ ಮೂಗಿಗೆ ಏನೂ ಬರಲಿಲ್ಲ, ಆಕೀಗೆ ಕೊಟ್ಟೆ. ಕಾಲರ್ ಹಂತೇಕ ಮೂಸಿ ನೋಡಿ "ಇನ್ನೂ ಐತಿ" ಅಂದ್ಲು. ಮತ್ತ ನೆನಿ ಇಟ್ಟೀನಿ.