ಅಪ್ಪ-ಅಮ್ಮನ ಜೊತೆ ರ್ಯೋಕಾನ್‌ಗೆ ಹೋಗಬಹುದಾ?

ಊರಿಂದ ಅಪ್ಪ-ಅಮ್ಮ ಬರುವುದು ಗೊತ್ತಾದ ಕೂಡಲೇ ಟೋಕಿಯೋದ ಕನ್ನಡದವರು ನನಗೆ ಕಳಿಸುವ ಮೆಸೇಜ್ ಹೆಚ್ಚುಕಡಿಮೆ ಒಂದೇ. "ಬೆಟ್ಟದ ಕಡೆ ಒಂದು ರ್ಯೋಕಾನ್‌ಗೆ ಕರ್ಕೊಂಡು ಹೋಗೋಣ ಅಂತಿದೀವಿ. ನಾವು ಸಸ್ಯಾಹಾರಿಗಳು, ಅಮ್ಮನಿಗೆ ಮಂಡಿನೋವು, ಸ್ನಾನ ಬೇರೆ ಬಟ್ಟೆ ಇಲ್ಲದೆ ಎಲ್ಲರ ಜೊತೆ ಅಂತೆ. ಅಷ್ಟು ದುಡ್ಡು ಕೊಟ್ಟು ಹೋಗೋದು ಸರಿನಾ?"

ಹೋಗಿ. ಒಂದೇ ರಾತ್ರಿ ಸಾಕು. ಆದರೆ ಮಧ್ಯಾಹ್ನ ಮೂರಕ್ಕೆ ಅಲ್ಲಿರುತ್ತೀರಿ ಅಂದರೆ ಮಾತ್ರ.

ರ್ಯೋಕಾನ್ ಅಂದರೆ ಜಪಾನಿನ ಹಳೇ ಪದ್ಧತಿಯ ವಸತಿಗೃಹ. ಅಲ್ಲಿ ದರ ಸಾಮಾನ್ಯವಾಗಿ ತಲೆ ಲೆಕ್ಕದಲ್ಲಿ. ರಾತ್ರಿ ಊಟ, ಬೆಳಗಿನ ತಿಂಡಿ ಅದರಲ್ಲೇ ಸೇರಿರುತ್ತದೆ. ಒಬ್ಬರಿಗೆ 15 ಸಾವಿರದಿಂದ 30 ಸಾವಿರ ಯೆನ್ ಮಾಮೂಲು. ಇದನ್ನು ಹೋಟೆಲ್ ರೂಮಿನ ಬಾಡಿಗೆ ಜೊತೆ ಹೋಲಿಸಿದರೆ ಎದೆ ಧಸಕ್ ಅನ್ನುತ್ತದೆ ನಿಜ. ಅಲ್ಲಿ ಮೂರು ಗಂಟೆಯಿಂದ ಮಾರನೇ ದಿನ ಹತ್ತು ಗಂಟೆವರೆಗೆ ನಿಮ್ಮ ಮನೆಯವರು ಯಾರೂ ಏನೂ ಮಾಡಬೇಕಾಗಿಲ್ಲ. ದುಡ್ಡು ಕೊಡುವುದು ಅದಕ್ಕೆ. ಇಡೀ ದಿನ ಊರೂರು ಸುತ್ತಿ ಏಳು ಗಂಟೆಗೆ ಏದುಸಿರು ಬಿಡುತ್ತಾ ಬರುವವರಿಗೆ ಅರ್ಧ ದುಡ್ಡು ದಂಡ. ಊಟದ ಹೊತ್ತು ಆರೋ ಆರೂವರೆಯೋ, ಅದಕ್ಕೆ ಪಂಕ್ತಿ ಊಟದ ಶಿಸ್ತು. ಎಲೆ ಹಾಕಿದ ಮೇಲೆ ನಿಮಗೋಸ್ಕರ ಯಾರೂ ಕಾಯುವುದಿಲ್ಲ.

ನಾವು ಹೋಗಿದ್ದು ನಾಗಾನೋ ಬೆಟ್ಟಗಳಲ್ಲಿರುವ ಶಿಬು ಓನ್ಸೆನ್ ಅನ್ನುವ ಬಿಸಿನೀರ ಬುಗ್ಗೆಯ ಊರಿಗೆ. ಟೋಕಿಯೋದಿಂದ ನಾಗಾನೋವರೆಗೆ ಶಿಂಕಾನ್ಸೆನ್ ಬುಲೆಟ್ ರೈಲು, ಅಲ್ಲಿಂದ ಖಾಸಗಿ ರೈಲಿನಲ್ಲಿ ಯುದಾನಾಕಾ, ಆಮೇಲೆ ಸ್ವಲ್ಪವೇ ದೂರ. ಕಲ್ಲು ಹಾಸಿದ ಒಂದು ಕಿರಿದಾದ ಬೀದಿ, ಎರಡೂ ಕಡೆ ಮರದ ಕಟ್ಟಡಗಳು. 1758ರಲ್ಲಿ ಶುರುವಾದ ಕಾನಾಗುಯಾ ರ್ಯೋಕಾನ್ ಇರುವುದೂ ಇಲ್ಲೇ. ಅದರ ನಾಲ್ಕು ಅಂತಸ್ತಿನ ಮರದ ಕಟ್ಟಡ 1936ರದ್ದು, ರಾತ್ರಿ ದೀಪ ಹಾಕಿದಾಗ ಎದುರಿಗೆ ಫೋಟೋ ತೆಗೆಯುವವರ ಜಾತ್ರೆ. ನಾವು ಉಳಿದಿದ್ದು ಇನ್ನೊಂದು ಸಣ್ಣ ಜಾಗದಲ್ಲಿ.

ನಮ್ಮಮ್ಮನಿಗೆ ಕಷ್ಟವಾಗಿದ್ದು ರೂಮಿನ ನೆಲಕ್ಕೆ ಹಾಸಿದ ಚಾಪೆಯೂ ಅಲ್ಲ, ಚಳಿಯೂ ಅಲ್ಲ. ಸುಮ್ನೆ ಕೂರುವುದು! ಊಟ ಬಡಿಸಿದ ಹೆಂಗಸು ಮಂಡಿಯೂರಿ ಒಂದೊಂದೇ ಬಟ್ಟಲು ಇಡುತ್ತಿದ್ದರು. ಒಬ್ಬೊಬ್ಬರ ಮುಂದೆ ಹತ್ತು-ಹದಿನೈದು ಪುಟ್ಟ ಬಟ್ಟಲು. ಒಂದರ ಹಾಗೆ ಇನ್ನೊಂದಿಲ್ಲ. "ಇಷ್ಟೂ ಪಾತ್ರೆ ಅವಳೊಬ್ಳೇ ತೊಳೀಬೇಕಾ ಮಾರಾಯ್ತಿ?" ಅಂತ ಅಮ್ಮ ಖಾಲಿ ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸತೊಡಗಿದರು. ಆಕೆ ನಗುತ್ತಲೇ ಒಂದೊಂದಾಗಿ ಬಿಡಿಸಿ ತೆಗೆದುಕೊಂಡು ಹೋದರು. ಮೆರುಗೆಣ್ಣೆ ಹಚ್ಚಿದ ಬಟ್ಟಲುಗಳು, ಒಂದಕ್ಕೊಂದು ತಿಕ್ಕಿದರೆ ಗೀರು ಬೀಳುತ್ತದೆ. ಊಟ ಮುಗಿಸಿ ರೂಮಿಗೆ ಬಂದರೆ ಐದೂ ಜನರ ಹಾಸಿಗೆ ಹಾಸಿ ಆಗಿತ್ತು. ಅಮ್ಮ ಹೊದಿಕೆಯ ಮಡಿಕೆ ಎತ್ತಿ ಎತ್ತಿ ನೋಡಿದರು. ತಪ್ಪು ಹುಡುಕಲು ಏನೂ ಸಿಗಲಿಲ್ಲ ಅಂತ ಕಾಣುತ್ತದೆ.

ಇನ್ನು ಸ್ನಾನ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕೊಳ. ಬಟ್ಟೆ ಹಾಕಿಕೊಂಡು ಇಳಿಯುವ ಹಾಗಿಲ್ಲ. ಮೊದಲು ಗಿಡ್ಡ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ತೊಳೆದು, ಆಮೇಲೆ ನೀರಿಗೆ. ಟವೆಲ್ಲು ನೀರಿಗೆ ತಾಗಬಾರದು. ನಾಚಿಕೆಯಾದರೆ ಕುಟುಂಬಕ್ಕೇ ಅಂತ ಮುಕ್ಕಾಲು ಗಂಟೆ ಕಾಯ್ದಿರಿಸುವ ಸ್ನಾನದ ಕೋಣೆಗಳು ಸುಮಾರು ಕಡೆ ಇವೆ, ಬುಕ್ ಮಾಡುವಾಗಲೇ ಕೇಳಿ. ಅಮ್ಮ ಮೊದಲು ಖಡಾಖಂಡಿತ ಬರಲ್ಲ ಅಂದರು. ನಮ್ಮದಕ್ಕೇ ಅಂತ ಇದ್ದ ಕೋಣೆಗೆ ನನ್ನ ಜೊತೆ ಬಂದು ಕತ್ತಿನವರೆಗೆ ಮುಳುಗಿದ ಮೇಲೆ ಮಲೆನಾಡಿನ ಬಚ್ಚಲ ಹಂಡೆ ಕಂಡ ಜೀವ ಏಳುವುದೇ ಬೇಡ ಅಂದಿತು. ಬಿ.ಪಿ. ಇರುವವರನ್ನು ಮಾತ್ರ ಜಾಸ್ತಿ ಹೊತ್ತು ಕೂರಿಸಬೇಡಿ, ಊಟವಾದ ತಕ್ಷಣವೂ ಬೇಡ. ಶಿಬುವಿನಲ್ಲಿ ಉಳಿದವರಿಗೆ ಬೀದಿಯಲ್ಲಿರುವ ಒಂಬತ್ತು ಸಾರ್ವಜನಿಕ ಸ್ನಾನದ ಮನೆಗಳ ಬೀಗದ ಕೈ ಕೊಡುತ್ತಾರೆ. ಅಪ್ಪ ಯುಕಾತಾ ಅನ್ನುವ ತೆಳು ಹತ್ತಿಯ ನಿಲುವಂಗಿ ಸುತ್ತಿಕೊಂಡು ನನ್ನ ಗಂಡನ ಜೊತೆ ಹೊರಟರು. ಅಲ್ಲಿನ ನೀರು ಸುಡುವಷ್ಟು ಬಿಸಿ, ಎರಡನೆಯದಕ್ಕೇ ಸಾಕಪ್ಪಾ ಅಂತ ವಾಪಸ್ ಬಂದರು. ಹಾಂ, ಯುಕಾತಾದ ಎಡಗಡೆ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಹಾಕುವುದು ಹೆಣಕ್ಕೆ.

ಊಟವೇ ದೊಡ್ಡ ತಲೆನೋವು. "ವೆಜಿಟೇರಿಯನ್" ಅಂದರೆ ಸಾಲದು. ಮಾಂಸ ಬಿಟ್ಟು ಮೀನಿನ ಸಾರು ಕೊಟ್ಟರೂ ಅವರ ಪ್ರಕಾರ ಮಾತು ಉಳಿಸಿಕೊಂಡ ಹಾಗೆಯೇ. ಇಲ್ಲಿನ ಅಡುಗೆಗೆ ಬುಡವೇ ದಾಶಿ ಅನ್ನುವ ತಿಳಿಸಾರು, ಅದು ಬಹುಪಾಲು ಒಣಗಿಸಿದ ಬೋನಿಟೋ ಮೀನಿನದು. ಮಿಸೋ ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ಸೋಬಾ ನೂಡಲ್ಸ್ ಅದ್ದುವ ರಸದಲ್ಲಿ, ಎಲ್ಲದರಲ್ಲೂ ಅದೇ. ಆದ್ದರಿಂದ ಬುಕ್ ಮಾಡುವಾಗಲೇ ಜಪಾನಿಯಲ್ಲಿ ಬಿಡಿಸಿ ಬರೆಯಿರಿ: ಮಾಂಸ, ಕೋಳಿ, ಮೀನು, ಸಿಗಡಿ ಬೇಡ, ಮೀನಿನ ದಾಶಿಯೂ ಬೇಡ, ಕೊಂಬು ಅನ್ನುವ ಕಡಲ ಪಾಚಿ, ಶೀಟಾಕೆ ಅಣಬೆಯ ದಾಶಿ ಆಗಬಹುದು, ಹಾಲು ಆಗಬಹುದು. "ಆಗುವುದಿಲ್ಲ, ಕ್ಷಮಿಸಿ" ಅಂತ ಉತ್ತರ ಬಂದರೆ ಬೇಜಾರು ಬೇಡ. ಹೂಂ ಅಂದು ಆಮೇಲೆ ಮೀನು ತಂದಿಡುವುದಕ್ಕಿಂತ ಅದೇ ವಾಸಿ. ಅಲ್ಲಿಗೆ ಹೋದ ಮೇಲೆ ಹೇಳಿದರೆ ಏನೂ ನಡೆಯುವುದಿಲ್ಲ. ನಮಗೆ ಸಿಕ್ಕಿದ್ದು ಕಾಡು ಸೊಪ್ಪಿನ ತೆಂಪುರಾ ಅನ್ನುವ ಬಜ್ಜಿ, ಅದ್ದಿಕೊಳ್ಳಲು ರಸದ ಬದಲು ಉಪ್ಪು, ತೋಫು, ಅಣಬೆ, ಬಿಸಿ ಅನ್ನ. ರುಚಿ ಚೆನ್ನಾಗಿತ್ತು, ಖಾರ ಮಾತ್ರ ಸೊನ್ನೆ. ಅಪ್ಪನ ಚಟ್ನಿಪುಡಿ ಡಬ್ಬಿ ರಾತ್ರಿ ರೂಮಿನಲ್ಲಿ, ಅಕ್ಕಿ ಕ್ರ್ಯಾಕರ್ ಜೊತೆ ಖಾಲಿಯಾಯಿತು.

ಇಷ್ಟೆಲ್ಲ ಪತ್ರವ್ಯವಹಾರ ಬೇಡ ಅನ್ನುವವರು ಕೋಯಾಸಾನ್‌ಗೆ ಹೋಗಲಿ. ಒಸಾಕಾದ ನಂಬಾದಿಂದ ರೈಲು, ಕೊನೆಗೆ ಕೇಬಲ್ ಕಾರು. 816ರಲ್ಲಿ ಕೂಕಾಯ್ ಅನ್ನುವ ಸನ್ಯಾಸಿಗೆ ಚಕ್ರವರ್ತಿಯಿಂದ ಜಾಗ ಸಿಕ್ಕಿ ಶುರುವಾದ ಬೌದ್ಧ ಕ್ಷೇತ್ರ. ಸುಮಾರು 50 ದೇವಾಲಯಗಳಲ್ಲಿ ಯಾತ್ರಿಕರಿಗೆ ವಸತಿ ಇದೆ. ಮಾಂಸ-ಮೀನು ಹೋಗಲಿ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲದ ಶೋಜಿನ್ ಅಡುಗೆ. ಎಳ್ಳಿನ ತೋಫು ಅಲ್ಲಿನ ವಿಶೇಷ. ಬೆಳಿಗ್ಗೆ ಬೇಗ ಎದ್ದು ಪೂಜೆಗೆ ಕೂರಬಹುದು. ನಮ್ಮ ಹಿರಿಯರಿಗೆ ಇದು ಜಾಸ್ತಿ ಹಿಡಿಸುತ್ತದೆ ಅಂತ ನನ್ನ ಲೆಕ್ಕ. ಆದರೆ ಬಿಸಿನೀರ ಬುಗ್ಗೆಯ ಸುಖಕ್ಕೆ ಹೋಗುವ ಜಾಗ ಅದಲ್ಲ.

ಮಂಡಿನೋವಿನವರಿಗೆ ಕುರ್ಚಿ-ಮೇಜು ಇರುವ ಊಟದ ಕೋಣೆ, ಮಂಚವಿರುವ ರೂಮು ಕೇಳಿ. ಈಗ ಸುಮಾರು ಕಡೆ ಇರುತ್ತದೆ. ದೊಡ್ಡ ಸೂಟ್‌ಕೇಸುಗಳನ್ನು ತಕ್ಯುಬಿನ್ ಕೊರಿಯರಿನಲ್ಲಿ ಮುಂದಿನ ಹೋಟೆಲಿಗೇ ಕಳಿಸಿಬಿಡಿ, ಚಾಪೆಯ ಮೇಲೆ ಅವುಗಳ ಚಕ್ರ ಉರುಳಿಸುವ ಹಾಗಿಲ್ಲ. ಶಿಬುವಿಗೆ ಹೋದಾಗ ಜೊತೆಗೆ ಮಕ್ಕಳಿದ್ದರೆ ಮಾರನೇ ದಿನ ಹತ್ತಿರದ ಜಿಗೊಕುದಾನಿಗೆ, ಬಿಸಿನೀರಿನಲ್ಲಿ ಕೂರುವ ಮಂಗಗಳನ್ನು ನೋಡಲು. ಕಾಡುದಾರಿಯಲ್ಲಿ ಅರ್ಧ ಗಂಟೆ ನಡಿಗೆ ಇದೆ, ಅಜ್ಜ-ಅಜ್ಜಿ ಬೇಕಾದರೆ ಕೆಳಗೇ ಕಾಫಿ ಕುಡಿಯುತ್ತಿರಲಿ.

ಹೊಸ ವರ್ಷ, ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್ ರಜೆ, ಆಗಸ್ಟಿನ ಓಬೋನ್ ಹಬ್ಬ ಮೂರನ್ನೂ ಬಿಟ್ಟು, ಶನಿವಾರ ತಪ್ಪಿಸಿ ಬುಕ್ ಮಾಡಿದರೆ ದರ ಎಷ್ಟೋ ಇಳಿಯುತ್ತದೆ. ಮನೆಯಲ್ಲಿ ಗೊರಕೆಯವರು ಇದ್ದರೆ ಎರಡು ರೂಮ್ ಮಾಡಿ. ತಲೆ ಲೆಕ್ಕದ ದರ ಅಲ್ವಾ, ಖರ್ಚು ಡಬಲ್ ಏನೂ ಆಗುವುದಿಲ್ಲ.