ನೋಡಿದ್ದು ಎಷ್ಟು, ಕೇಳಿದ್ದು ಎಷ್ಟು

ನಾನು ಇವತ್ತು ಕೊಪ್ಪಳದಲ್ಲಿ ವರದಿಗಾರ ಅಂತ ಹೊಟ್ಟೆ ಹೊರೆಯುತ್ತಿರುವುದಕ್ಕೆ ಪತ್ರಿಕೋದ್ಯಮದ ಡಿಗ್ರಿ ಕಾರಣ ಅಲ್ಲ. ಆ ಡಿಗ್ರಿ ನನ್ನ ಹತ್ರ ಇಲ್ಲವೇ ಇಲ್ಲ. ಕಾರಣ ನಮ್ಮ ಕಾಲೇಜಿನ ಲೈಬ್ರರಿ ವರಾಂಡದಲ್ಲಿದ್ದ ಗಾಜಿನ ಬಾಗಿಲಿನ ಬೋರ್ಡ್. ಈಗಿನವರಿಗೆ ಅದು ನೋಟಿಸ್ ಬೋರ್ಡ್, ನಮಗೆ ಗೋಡೆ ಪತ್ರಿಕೆ. ಡ್ರಾಯಿಂಗ್ ಶೀಟ್ ಮೇಲೆ ಸ್ಕೆಚ್ ಪೆನ್ನಿನ ತಲೆಬರಹ, ಕೆಳಗೆ ನಮ್ಮ ಕಾಗೆಕಾಲು ಗುಬ್ಬಿಕಾಲು ಅಕ್ಷರ. ಬೀಗದ ಕೈ ಮಾತ್ರ ಕನ್ನಡ ಸರ್ ಜೇಬಿನಲ್ಲಿ.

ಚೆನ್ನಾಗಿ ಬರೆಯೋದು ಹೇಗೆ ಅಂತ ಸರ್ ನಮಗೆ ಜಾಸ್ತಿ ಏನೂ ಹೇಳಿಕೊಡಲಿಲ್ಲ. ನಾವು ತಂದ ಸುದ್ದಿಯ ಅಂಚಿನಲ್ಲಿ ಪ್ರತಿ ಸಾಲಿಗೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಸುತ್ತಿದ್ದರು. ಕಣ್ಣಾರೆ ನೋಡಿದ್ದಕ್ಕೆ 'ನೋ', ಕೇಳಿದ್ದಕ್ಕೆ 'ಕೇ'. 'ಕೇ' ಇದ್ದರೆ ಯಾರಿಂದ ಕೇಳಿದ್ದು ಅಂತ ಹೆಸರು ಬೇಕು. "ಊರೆಲ್ಲಾ ಮಾತಾಡಕತ್ತೈತಿ ಸರ್" ಅಂದರೆ, "ಊರಿಗೆ ಯಾರು ಹೇಳ್ಯಾರ, ಅವರ ಹೆಸರು ಬರಿ" ಅನ್ನುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನೋ ಗಾದೆಯನ್ನು ನಮ್ಮ ಹೋಂವರ್ಕ್ ಮಾಡಿಬಿಟ್ಟಿದ್ದರು!

ಒಂದು ಸಲ ಹಾಸ್ಟೆಲ್ ಸಾರಿನಲ್ಲಿ ಹಲ್ಲಿ ಬಿದ್ದು ನಲವತ್ತು ಹುಡುಗರು ಆಸ್ಪತ್ರೆ ಸೇರಿದ್ದಾರೆ ಅಂತ ಸುದ್ದಿ ಎದ್ದಿತು. ನನ್ನ ಗೆಳೆಯ ಅರ್ಧ ಗಂಟೆಯಲ್ಲಿ ಬರೆದು ತಂದ, ಕೆಂಪು ಸ್ಕೆಚ್ ಪೆನ್ನಿನಲ್ಲಿ ಹಲ್ಲಿಯ ಚಿತ್ರವನ್ನೂ ಬಿಡಿಸಿದ್ದ. ಸರ್ ಚಿತ್ರ ಚೆನ್ನಾಗಿದೆ ಅಂದರು. ಆಮೇಲೆ, "ಹಲ್ಲಿ ನೀ ನೋಡೀಯೇನು?" ಅಂದರು. ಇಲ್ಲ. "ನೋಡಿದವರು ಯಾರು?" ಗೊತ್ತಿಲ್ಲ. "ಇಬ್ಬರೂ ಆಸ್ಪತ್ರೆಗೆ ಹೋಗಿ ಎಣಿಸಿಕೊಂಡು ಬರ್ರಿ." ಹೋದೆವು. ವಾರ್ಡಿನಲ್ಲಿ ಇದ್ದವರು ಏಳು ಜನ. ಎಲ್ಲರಿಗೂ ವಾಂತಿ ಭೇದಿ. ಹಲ್ಲಿಯನ್ನು ಒಬ್ಬರೂ ನೋಡಿರಲಿಲ್ಲ, ಪ್ರತಿಯೊಬ್ಬರೂ ಇನ್ನೊಬ್ಬನ ಕಡೆ ಬೆರಳು ತೋರಿಸಿದರು. ನೀರು ಎರಡು ದಿನದಿಂದ ವಾಸನೆ ಬರುತ್ತಿತ್ತು ಅಂತ ಮಾತ್ರ ಏಳೂ ಜನ ಹೇಳಿದರು. ಅಷ್ಟನ್ನೇ ಬರೆದೆವು. ಏಳು ಜನ, ವಾಂತಿ ಭೇದಿ, ನೀರಿನ ವಾಸನೆಯ ದೂರು, ಕಾರಣ ಇನ್ನೂ ಗೊತ್ತಾಗಿಲ್ಲ. ಸಪ್ಪೆ ಸುದ್ದಿ, ಗೆಳೆಯನಿಗೆ ಸಿಟ್ಟು.

ಮರುದಿನ ಪ್ರಿನ್ಸಿಪಾಲರು ಬೋರ್ಡ್ ಮುಂದೆ ನಿಂತು, ಕಾಲೇಜಿನ ಮಾನ ಹೋಗುತ್ತೆ, ತೆಗೀರಿ ಅಂದರು. ಸರ್ ಜೇಬಿನಿಂದ ಬೀಗದ ಕೈ ತೆಗೆದು ಅವರ ಮುಂದೆ ಹಿಡಿದು, "ಇದರಾಗ ಸುಳ್ಳು ಇರೋ ಸಾಲು ಯಾವುದು ತೋರಿಸ್ರಿ, ಈಗಲೇ ತೆಗಿತೀನಿ" ಅಂದರು. ಅವರು ಎರಡು ಸಲ ಓದಿದರು. ಹೋದರು. ಅದೇ ವಾರ ಟ್ಯಾಂಕ್ ತೊಳೆಸಿದರು. ನಲವತ್ತು ಜನ, ಹಲ್ಲಿ ಅಂತ ಇದ್ದಿದ್ದರೆ ಹಲ್ಲಿ ಇಲ್ಲ ಅಂತ ಸಾಬೀತು ಮಾಡಿ ನೀರಿನ ಮಾತನ್ನೂ ಮುಚ್ಚಿಹಾಕುತ್ತಿದ್ದರು, ಅಲ್ವಾ?

ಜುಲೈ 1 ಬಂದರೆ ಎಲ್ಲಾ ಕಡೆ ಪತ್ರಿಕಾ ದಿನ. 1843ರಲ್ಲಿ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಮೊಗ್ಲಿಂಗ್ ಶುರು ಮಾಡಿದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ದ ಭಾಷಣ ಎಲ್ಲರಿಗೂ ಬಾಯಿಪಾಠ. ಮರುವರ್ಷವೇ ಅದು 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡು ನಮ್ಮ ಬಳ್ಳಾರಿಯಲ್ಲಿ ಅಚ್ಚಾಯಿತು ಅನ್ನೋದನ್ನು ಮಾತ್ರ ನಮ್ಮ ಕಡೆಯ ವೇದಿಕೆಗಳಲ್ಲೂ ಯಾರೂ ಹೇಳೋದಿಲ್ಲ. ನನಗೆ ಹೇಳಿದ್ದು ಸರ್.

ಅಕ್ರಮ ಗಣಿ ಗಲಾಟೆಯ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಯಾವ ಚಹಾದಂಗಡಿಗೆ ಹೋದರೂ ಕದ್ದು ಸಾಗಿಸಿದ ಅದಿರಿಗೆ ಒಂದೊಂದು ಅಂಕಿ. ಎಲ್ಲಾ ಬಾಯಿಗೆ ಬಂದದ್ದು. ಕೊನೆಗೆ ನಿಂತಿದ್ದು ಯಾವುದು? 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಕೊಟ್ಟ ವರದಿ. ಪರ್ಮಿಟ್‌ನಲ್ಲಿದ್ದ ಅದಿರು ಎಷ್ಟು, ಬಂದರಿನಿಂದ ಹಡಗು ಹತ್ತಿದ್ದು ಎಷ್ಟು ಅಂತ ಕಾಗದಕ್ಕೆ ಕಾಗದ ಇಟ್ಟು ನೋಡಿದ್ದಕ್ಕೇ ಅದಕ್ಕೆ ಅಷ್ಟು ತೂಕ.

2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ, ಅಂದರೆ ನಮ್ಮ ತುಂಗಭದ್ರಾ ಅಣೆಕಟ್ಟಿನ, 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತಲ್ಲ, ಆವತ್ತು ವಾಟ್ಸಾಪ್ ತುಂಬಾ ಒಂದೇ ಮಾತು, ಡ್ಯಾಮ್ ಒಡೆಯಿತು. ಯಾವುದೋ ದೇಶದ ಸಿಮೆಂಟ್ ಡ್ಯಾಮ್ ಕುಸಿಯುವ ವಿಡಿಯೋ ನನ್ನ ಫೋನಿಗೂ ಬಂತು. ಟಿಬಿ ಡ್ಯಾಮ್ ಕಲ್ಲಿನ ಕಟ್ಟಡ ಅಂತ ಮುನಿರಾಬಾದ್ ಕಡೆ ಒಮ್ಮೆ ಹೋದವರಿಗೂ ಗೊತ್ತು. ಆದರೂ ಫಾರ್ವರ್ಡ್! ಡ್ಯಾಮಿನ ಮೇಲೆ ಒತ್ತಡ ಕಡಿಮೆಯಾಗಲಿ ಅಂತ ಉಳಿದ ಗೇಟುಗಳನ್ನು ಬೇಕಂತಲೇ ಎತ್ತಿದ್ದರು. 33 ಗೇಟುಗಳ ಡ್ಯಾಮ್ ಅದು. ಆ ನೀರು ನೋಡಿದವರಿಗೆ ಸುಳ್ಳೇ ನಿಜ ಅನ್ನಿಸಿತು.

ಹೊಳೆ ದಂಡೆಯ ಹಳ್ಳಿಯಿಂದ ನಮ್ಮ ಸಣ್ಣವ್ವ ಫೋನ್ ಮಾಡಿದಳು. "ಏ ತಮ್ಮಾ, ಡ್ಯಾಮ್ ಒಡದೈತಂತಲ್ಲೋ, ಎತ್ತು ಬಿಚ್ಚಿಕೊಂಡು ಗುಡ್ಡ ಹತ್ತೋಣೇನು?" ಡ್ಯಾಮ್ ಒಡೆದಿಲ್ಲ ಅಂತ ಅಷ್ಟೇ ಹೇಳಿ ಫೋನ್ ಇಟ್ಟಿದ್ದರೆ ಅದೂ ಅರ್ಧ ಸುಳ್ಳೇ ಆಗುತ್ತಿತ್ತು. "ಒಡದಿಲ್ಲ ಸಣ್ಣವ್ವ, ಒಂದು ಗೇಟ್ ಹೋಗೈತಿ. ಆದ್ರ ಹೊಳಿಗೆ ನೀರು ಜೋರು ಬರ್ತೈತಿ, ಎತ್ತು ಮ್ಯಾಲೆ ಕಟ್ರಿ, ಯಾರೂ ಹೊಳಿಗೆ ಇಳೀಬ್ಯಾಡ್ರಿ" ಅಂದೆ. ಆ ರಾತ್ರಿ ಎಂಜಿನಿಯರುಗಳು ಹೇಳಿದ್ದನ್ನು ಯಾರು, ಎಷ್ಟು ಗಂಟೆಗೆ ಹೇಳಿದರು ಅಂತ ಸಮೇತ ಬರೆದು ಕಳಿಸಿದೆ. ಅಂಚಿನಲ್ಲಿ 'ನೋ', 'ಕೇ' ಈಗಲೂ ಹಾಕಿಕೊಳ್ಳುತ್ತೇನೆ. ನೋಡಿದವರು ನಗುತ್ತಾರೆ, ನಗಲಿ. ವಾರದೊಳಗೆ ಹೋದ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ತಡೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಡ್ಯಾಮ್ ಒಡೆಯಿತು ಅಂತ ಕಳಿಸಿದವರಲ್ಲಿ ಒಬ್ಬರಾದರೂ 'ಅದು ಸುಳ್ಳು, ಡಿಲೀಟ್ ಮಾಡಿ' ಅಂತ ಮತ್ತೆ ಕಳಿಸಿದ್ದು ನಾನು ನೋಡಿಲ್ಲ.

ಪತ್ರಿಕೆಗಳೂ ಇದರಲ್ಲಿ ಸಾಚಾ ಏನಲ್ಲ ಬಿಡಿ. ತಪ್ಪು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಜಾಹೀರಾತಿನ ಕಾಲಡಿ. ತಿದ್ದುಪಡಿಗೂ ಸರಿಯಾದ ಜಾಗ ಕೊಡಿ ಅಂತ ಭಾರತೀಯ ಪತ್ರಿಕಾ ಮಂಡಳಿಯ ನಿಯಮವೇ ಇದೆ. ಪಾಲಿಸುವವರು ಕಡಿಮೆ.

ಕಾಲೇಜಿನ ಹುಡುಗರು ಈಗ ಇನ್‌ಸ್ಟಾಗ್ರಾಂನಲ್ಲಿ ಸುದ್ದಿ ಹಾಕುತ್ತಾರಂತೆ. ಒಳ್ಳೇದೇ. ಅದರಲ್ಲಿ ಯಾರಿಗಾದರೂ ಆಸಕ್ತಿ ಇದ್ದರೆ ಒಂದು ಭಾನುವಾರ ಬನ್ನಿ, ಡ್ಯಾಮಿನ ಒಳಹರಿವು ಹೊರಹರಿವಿನ ಲೆಕ್ಕ ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು ಅಂತ ತೋರಿಸುತ್ತೇನೆ. ಊಟ ನಮ್ಮ ಮನೆಯಲ್ಲೇ.